ಲ್ಯಾಪ್‌ಟಾಪ್‌ಗೆ ಮಾನಿಟರ್ ಹಾಕಿದರೆ ‘ನೋ ಸಿಗ್ನಲ್’: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಹೊಸ ಮಾನಿಟರ್ ತಂದು, ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ, ಸ್ವಿಚ್ ಹಾಕುತ್ತೀರಿ. ಚಿತ್ರ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕೇಬಲ್ ತೆಗೆದು ಮತ್ತೆ ಹಾಕುತ್ತಾರೆ, ಡ್ರೈವರ್ ಅಪ್‌ಡೇಟ್ ಮಾಡುತ್ತಾರೆ, ಕೊನೆಗೆ ಮಾನಿಟರನ್ನೇ ಡಬ್ಬಿಗೆ ತುಂಬಿ ವಾಪಸ್ ಕಳಿಸುತ್ತಾರೆ. ವಾಪಸ್ ಹೋಗುವ ಮಾನಿಟರ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ತೊಂದರೆ ಇದ್ದದ್ದು ಕೇಬಲ್‌ನಲ್ಲೋ ಪೋರ್ಟ್‌ನಲ್ಲೋ ಒಂದು ಸೆಟ್ಟಿಂಗ್‌ನಲ್ಲೋ.

ಏನನ್ನಾದರೂ ಬದಲಿಸುವ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಲ್ಯಾಪ್‌ಟಾಪ್‌ಗೆ ಮಾನಿಟರ್ ಇರುವುದು ಗೊತ್ತಾಗಿದೆಯೇ, ಇಲ್ಲವೇ? ಗೊತ್ತಾಗಿಲ್ಲ ಎಂದರೆ ಕೇಬಲ್, ಪೋರ್ಟ್, ಕನ್ವರ್ಟರ್, ಡ್ರೈವರ್ ಕಡೆ ಹುಡುಕಬೇಕು. ಗೊತ್ತಾಗಿದ್ದೂ ಚಿತ್ರ ಬರುತ್ತಿಲ್ಲ ಎಂದರೆ ರೆಸಲ್ಯೂಷನ್, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದು; ಅಳೆಯುವುದು ಹರ್ಟ್ಸ್‌ನಲ್ಲಿ), ಕೇಬಲ್‌ನ ಸಾಮರ್ಥ್ಯದ ಕಡೆ ನೋಡಬೇಕು. ಈ ಎರಡು ದಾರಿಗಳನ್ನು ಬೆರೆಸಿಕೊಂಡರೆ ಇಡೀ ಭಾನುವಾರ ಕಳೆದುಹೋಗುತ್ತದೆ.

ಕೇಬಲ್ ಸಿಕ್ಕಿಸಿದಾಗ ಒಳಗೆ ಏನಾಗುತ್ತದೆ

ಎಚ್‌ಡಿಎಂಐ ಪ್ಲಗ್‌ನಲ್ಲಿ 19 ಪಿನ್‌ಗಳಿವೆ. ಲ್ಯಾಪ್‌ಟಾಪ್ 18ನೇ ಪಿನ್‌ನಲ್ಲಿ 5 ವೋಲ್ಟ್ ಕೊಡುತ್ತದೆ. ಮಾನಿಟರ್ 19ನೇ ಪಿನ್‌ನಲ್ಲಿ ‘ನಾನಿದ್ದೇನೆ’ ಎಂದು ತಿಳಿಸುತ್ತದೆ; ಇದಕ್ಕೆ ಹಾಟ್ ಪ್ಲಗ್ ಎನ್ನುತ್ತಾರೆ. ಆಮೇಲೆ ಲ್ಯಾಪ್‌ಟಾಪ್ 15 ಮತ್ತು 16ನೇ ಪಿನ್‌ಗಳ ಮೂಲಕ ಮಾನಿಟರಿನ ಇಡಿಐಡಿ ಎಂಬ ಗುರುತಿನ ಚೀಟಿ ಓದುತ್ತದೆ. ತಯಾರಕರು ಯಾರು, ಯಾವ ಯಾವ ರೆಸಲ್ಯೂಷನ್ ನಡೆಯುತ್ತದೆ, ಎಷ್ಟು ಹರ್ಟ್ಸ್ ಎಂಬ ವಿವರಗಳು ಅದರಲ್ಲಿರುತ್ತವೆ. ಮೂಲ ಭಾಗ ಕೇವಲ 128 ಬೈಟ್. ಇಷ್ಟೆಲ್ಲ ಮುಗಿದ ಮೇಲಷ್ಟೇ 1ರಿಂದ 12ರವರೆಗಿನ ಪಿನ್‌ಗಳಲ್ಲಿ ಚಿತ್ರ ಹರಿಯಲು ಶುರುವಾಗುತ್ತದೆ.

ಅಂದರೆ ಗುರುತು ಹಿಡಿಯುವ ತಂತಿಗಳೇ ಬೇರೆ, ಚಿತ್ರ ಸಾಗಿಸುವ ತಂತಿಗಳೇ ಬೇರೆ. ಒಂದು ಗುಂಪು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ಮೇಲಿನ ಪ್ರಶ್ನೆ ಅಷ್ಟು ಕೆಲಸಕ್ಕೆ ಬರುವುದು ಇದರಿಂದಲೇ.

ಮೊದಲು ಮಾನಿಟರ್ ಏನು ಹೇಳುತ್ತಿದೆ ಎಂದು ಓದಿ

ಪವರ್ ದೀಪವೇ ಹತ್ತದಿದ್ದರೆ ಅದು ಕರೆಂಟ್‌ನ ವಿಷಯ. ಸ್ವಿಚ್‌ಬೋರ್ಡ್, ಎಕ್ಸ್‌ಟೆನ್ಷನ್, ಮಾನಿಟರಿನ ಹಿಂದೆ ಪವರ್ ಕಾರ್ಡ್ ಪೂರ್ತಿ ಒಳಗೆ ಕೂತಿದೆಯೇ ಎಂಬುದನ್ನು ನೋಡಿ. ದೀಪ ಬಿಳಿ, ನೀಲಿ ಅಥವಾ ಹಸಿರಾಗಿದ್ದರೆ ಮಾನಿಟರ್ ಎಚ್ಚರವಾಗಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅಥವಾ ನಿಧಾನವಾಗಿ ಮಿಟುಕುತ್ತಿದ್ದರೆ ಸಿಗ್ನಲ್ ಸಿಗದೆ ಮಲಗಿದೆ ಎಂದು ಅರ್ಥ.

ಈಗ ವಿಡಿಯೊ ಕೇಬಲನ್ನು ಮಾನಿಟರಿನಿಂದ ಪೂರ್ತಿ ತೆಗೆದು, ಬರೀ ಕರೆಂಟ್ ಕೊಟ್ಟು ಆನ್ ಮಾಡಿ. ಕಂಪನಿಯ ಲೋಗೊ, ಅಥವಾ ‘ನೋ ಕೇಬಲ್’, ‘ಚೆಕ್ ಸಿಗ್ನಲ್ ಕೇಬಲ್’ ಎಂಬ ಚೌಕ ತೆರೆಯ ಮೇಲೆ ಕಂಡರೆ ಪ್ಯಾನೆಲ್ಲೂ ಬ್ಯಾಕ್‌ಲೈಟೂ ಚೆನ್ನಾಗಿವೆ. ದೀಪ ಹತ್ತಿದರೂ ಏನೂ ಕಾಣದಿದ್ದರೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ತೆರೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಅಕ್ಷರ ಕಂಡರೆ ಬ್ಯಾಕ್‌ಲೈಟ್ ಹೋಗಿದೆ; ಅದು ಸರ್ವಿಸ್‌ಗೆ ಕೊಡಬೇಕಾದ ಕೆಲಸ.

ಸಂದೇಶಗಳು ಒಂದೊಂದೂ ಒಂದೊಂದು ಕಥೆ ಹೇಳುತ್ತವೆ:

- ‘ನೋ ಸಿಗ್ನಲ್’: ಆಯ್ದ ಇನ್‌ಪುಟ್‌ನಲ್ಲಿ ಚಿತ್ರ ಬರುತ್ತಿಲ್ಲ.
- ‘ಚೆಕ್ ಸಿಗ್ನಲ್ ಕೇಬಲ್’ ಅಥವಾ ‘ನೋ ಕೇಬಲ್’: ಹಲವು ಮಾನಿಟರ್‌ಗಳಲ್ಲಿ, ಕೇಬಲ್ ಹಾಕಿರುವುದೇ ಮಾನಿಟರಿಗೆ ಗೊತ್ತಾಗಿಲ್ಲ ಎಂದು ಇದರ ಅರ್ಥ. ಕೇಬಲ್ ಸಡಿಲವಿದೆ, ಕೆಟ್ಟಿದೆ ಅಥವಾ ನೀವು ಹಾಕಿದ ಪೋರ್ಟೇ ಬೇರೆ.
- ‘ಔಟ್ ಆಫ್ ರೇಂಜ್’, ‘ಇನ್‌ಪುಟ್ ನಾಟ್ ಸಪೋರ್ಟೆಡ್’: ಇದು ಒಳ್ಳೆಯ ಸುದ್ದಿ. ಚಿತ್ರ ಮಾನಿಟರ್‌ವರೆಗೂ ಬಂದಿದೆ, ಆದರೆ ಅದು ತೋರಿಸಲಾಗದ ರೆಸಲ್ಯೂಷನ್ನಿನಲ್ಲಿ ಅಥವಾ ಹರ್ಟ್ಸ್‌ನಲ್ಲಿ ಬಂದಿದೆ. ಕೇಬಲ್ ಬದಲಿಸುವ ಅಗತ್ಯವಿಲ್ಲ.

ಇನ್‌ಪುಟ್ ಆಯ್ಕೆಯನ್ನು ಕೈಯಾರೆ ಮಾಡಿ. ಮಾನಿಟರಿನ ಕೆಳಗೋ ಹಿಂದೋ ಇರುವ ಬಟನ್ ಒತ್ತಿ, ಮೆನುವಿನಲ್ಲಿ ‘ಇನ್‌ಪುಟ್’ ಅಥವಾ ‘ಸೋರ್ಸ್’ಗೆ ಹೋಗಿ, ಕೇಬಲ್ ಹಾಕಿದ ಪೋರ್ಟಿನ ಹೆಸರನ್ನೇ ಆರಿಸಿ. ಎಚ್‌ಡಿಎಂಐ 1, ಎಚ್‌ಡಿಎಂಐ 2 ಎಂದು ಎರಡಿದ್ದರೆ ಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ನೋಡಿ. ‘ಆಟೊ’ ಎಂದು ಬಿಟ್ಟರೆ ಕೆಲವು ಮಾನಿಟರ್‌ಗಳು ಎಲ್ಲ ಪೋರ್ಟ್‌ಗಳನ್ನೂ ಒಂದು ಸುತ್ತು ನೋಡಿ, ಲ್ಯಾಪ್‌ಟಾಪ್ ಸಿಗ್ನಲ್ ಕೊಡುವಷ್ಟರಲ್ಲಿ ನಿದ್ದೆಗೆ ಜಾರಿಬಿಡುತ್ತವೆ.

ಈಗ ಆ ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಗೊತ್ತಾಗಿದೆಯೇ?

1. ವಿಂಡೋಸ್ ಕೀ ಹಿಡಿದು ಪಿ ಒತ್ತಿ. ಬರುವ ನಾಲ್ಕು ಆಯ್ಕೆಗಳಲ್ಲಿ ‘ಎಕ್ಸ್‌ಟೆಂಡ್’ ಆರಿಸಿ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ಎಲ್ಲ ಸರಿಯಿದ್ದೂ ಮಾನಿಟರ್ ಖಾಲಿಯಾಗಿಯೇ ಇರುತ್ತದೆ. ಬಹಳಷ್ಟು ದೂರುಗಳು ಇಲ್ಲಿಯೇ ಮುಗಿಯುತ್ತವೆ.
2. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ. ಮೇಲ್ಗಡೆ 1, 2 ಎಂದು ಬರೆದ ಎರಡು ಚೌಕಗಳಿದ್ದರೆ ಗೊತ್ತಾಗಿದೆ. ಒಂದೇ ಇದ್ದರೆ ‘ಮಲ್ಟಿಪಲ್ ಡಿಸ್‌ಪ್ಲೇಸ್’ ತೆರೆದು ‘ಡಿಟೆಕ್ಟ್’ ಒತ್ತಿ.
3. ಕೇಬಲ್ ಹಾಕುವಾಗ ಲ್ಯಾಪ್‌ಟಾಪಿನ ಸ್ವಂತ ತೆರೆಯನ್ನೇ ಗಮನಿಸುತ್ತಿರಿ. ಅದು ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದರೆ, ಅಥವಾ ‘ಟಿಣ್’ ಎಂಬ ಸದ್ದಾದರೆ, ಹಾಟ್ ಪ್ಲಗ್ ತಲುಪಿದೆ.
4. ಏನೂ ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ. ತೆರೆದಿಟ್ಟ ಕಡತಗಳಿಗೆ ಏನೂ ಆಗುವುದಿಲ್ಲ.
5. ಆಮೇಲೂ ಇಲ್ಲವೆಂದರೆ ಮಾನಿಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಒಂದು ನಿಮಿಷ ಬಿಡಿ. ಸಾಮಾನ್ಯವಾಗಿ ಮುಂದಿನ ಬಟನ್ ಒತ್ತಿ ಆಫ್ ಮಾಡಿದರೆ ಸಾಲದು, ಒಳಗಿನ ಸರ್ಕ್ಯೂಟ್ ಅರೆಎಚ್ಚರದಲ್ಲೇ ಇರುತ್ತದೆ. ಡಾಕ್ (ಲ್ಯಾಪ್‌ಟಾಪ್‌ಗೆ ಹೆಚ್ಚಿನ ಪೋರ್ಟ್‌ಗಳನ್ನು ಕೊಡುವ ಪೆಟ್ಟಿಗೆ) ಬಳಸುತ್ತಿದ್ದರೆ ಅದರ ಅಡಾಪ್ಟರನ್ನೂ ಹೀಗೆಯೇ ತೆಗೆದು ಹಾಕಿ. ಲ್ಯಾಪ್‌ಟಾಪನ್ನು ‘ಶಟ್ ಡೌನ್’ ಅಲ್ಲ, ‘ರೀಸ್ಟಾರ್ಟ್’ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಡ್ರೈವರ್‌ಗಳ ಹಳೆಯ ಸ್ಥಿತಿ ಉಳಿದುಕೊಳ್ಳುತ್ತದೆ.

ಇನ್ನೊಂದು ಪರೀಕ್ಷೆ ತುಂಬ ಉಪಯುಕ್ತ. ಮಾನಿಟರ್ ಹಾಕಿಟ್ಟೇ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಆರಂಭದ ಕಂಪನಿ ಲೋಗೊ ಮಾನಿಟರಿನ ಮೇಲೆ ಮೂಡುತ್ತದೆಯೇ ನೋಡಿ. ಮೂಡಿದರೆ ಕೇಬಲ್, ಪೋರ್ಟ್, ಮಾನಿಟರ್ ಮೂರೂ ಕೆಲಸ ಮಾಡುತ್ತಿವೆ, ತೊಂದರೆ ವಿಂಡೋಸ್ ಒಳಗಿದೆ. ಮೂಡದಿದ್ದರೆ ಮಾತ್ರ ಯಾವ ತೀರ್ಮಾನಕ್ಕೂ ಬರಬೇಡಿ. ಲೋಗೊವನ್ನು ಸ್ವಂತ ತೆರೆಯಲ್ಲಷ್ಟೇ ತೋರಿಸುವ ಲ್ಯಾಪ್‌ಟಾಪ್‌ಗಳೂ ಇವೆ.

ಗೊತ್ತಾಗಿಲ್ಲ ಎಂದಾದರೆ

*ಕೇಬಲ್ ಮತ್ತು ಪೋರ್ಟ್.* ಗೊತ್ತಿರುವ, ಬೇರೆಡೆ ಕೆಲಸ ಮಾಡುತ್ತಿರುವ ಕೇಬಲ್ ಹಾಕಿ ನೋಡಿ. ಟಿವಿಯ ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಈ ಪರೀಕ್ಷೆಗೆ ಸಾಕು. ಹಾಗೆಯೇ ಲ್ಯಾಪ್‌ಟಾಪನ್ನು ಮನೆಯ ಟಿವಿಗೆ, ಮಾನಿಟರನ್ನು ಸೆಟ್‌ಟಾಪ್ ಬಾಕ್ಸಿಗೆ ಹಾಕಿ. ಹೀಗೆ ಅದಲುಬದಲು ಮಾಡಿದರೆ ಅಪರಾಧಿ ಯಾರೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿ ಚಿತ್ರ ಬಂದರೆ ಯಾವುದರಿಂದ ಬಂತೆಂದು ತಿಳಿಯದೆ, ಕೆಟ್ಟದ್ದು ಮತ್ತೆ ಬ್ಯಾಗಿನೊಳಗೇ ಸೇರುತ್ತದೆ.

ಲ್ಯಾಪ್‌ಟಾಪಿನ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಎಚ್‌ಡಿಎಂಐ ಪೋರ್ಟಿನ ನಡುವೆ ಕಪ್ಪು ಪ್ಲಾಸ್ಟಿಕ್ಕಿನ ತೆಳುವಾದ ನಾಲಗೆಯಿದೆ, ಅದರ ಮೇಲೆ 10, ಕೆಳಗೆ 9 ಚಿನ್ನದ ಬಣ್ಣದ ಗೆರೆಗಳು. ನಾಲಗೆ ಒಂದು ಕಡೆ ವಾಲಿದ್ದರೆ ಅಥವಾ ಯಾವುದಾದರೂ ಗೆರೆ ಮೇಲೆದ್ದು ನಿಂತಿದ್ದರೆ ಅಲ್ಲಿಗೆ ಕೇಬಲ್ ತುರುಕಬೇಡಿ. ಯುಎಸ್‌ಬಿ-ಸಿ ಪೋರ್ಟ್ ಆದರೆ ಅದರ ತಳದಲ್ಲಿ ಬಟ್ಟೆಯ ನಾರು, ದೂಳು ಅಡಕವಾಗಿ ಪ್ಲಗ್ ಪೂರ್ತಿ ಒಳಗೆ ಹೋಗದಂತೆ ತಡೆಯುತ್ತದೆ. ಚಾರ್ಜ್ ಆಗುತ್ತಿರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಅಂಚಿನ ಗುಂಟ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಪಿನ್ನು ಬೇಡವೇ ಬೇಡ.

*ಎಲ್ಲ ಯುಎಸ್‌ಬಿ-ಸಿ ಒಂದೇ ಅಲ್ಲ.* ಅತಿ ಹೆಚ್ಚು ಹಣ ಪೋಲಾಗುವ ಜಾಗ ಇದು. ಆಕಾರ ಒಂದೇ ಆದರೂ ಎಲ್ಲ ಯುಎಸ್‌ಬಿ-ಸಿ ಪೋರ್ಟುಗಳಲ್ಲಿ ಚಿತ್ರ ಹೊರಬರುವುದಿಲ್ಲ. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಬಾಣದ ಗುರುತಿದ್ದರೆ ಥಂಡರ್‌ಬೋಲ್ಟ್, ಚಿತ್ರ ಬರುತ್ತದೆ. ಡಿ ಅಕ್ಷರದೊಳಗೆ ಪಿ ಕೂತಂಥ ಡಿಸ್‌ಪ್ಲೇಪೋರ್ಟ್ ಗುರುತಿದ್ದರೂ ಬರುತ್ತದೆ. ಬರೀ ತ್ರಿಶೂಲದಂಥ ಯುಎಸ್‌ಬಿ ಗುರುತು, ಪಕ್ಕದಲ್ಲಿ 5 ಅಥವಾ 10 ಎಂದಿದ್ದರೆ ಅದು ಡೇಟಾ ವೇಗವನ್ನಷ್ಟೇ ಹೇಳುತ್ತದೆ. ಗುರುತೇ ಇಲ್ಲದಿದ್ದರೆ ನಿಮ್ಮ ಮಾಡೆಲ್ ಸಂಖ್ಯೆ ಕೊಟ್ಟು ಕಂಪನಿಯ ಜಾಲತಾಣದಲ್ಲಿ ಸ್ಪೆಸಿಫಿಕೇಷನ್ ಪುಟ ತೆರೆಯಿರಿ. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ (ಯುಎಸ್‌ಬಿ-ಸಿ ಪೋರ್ಟಿನಿಂದಲೇ ಚಿತ್ರ ಕಳಿಸುವ ಸೌಲಭ್ಯ) ಅಥವಾ ಅಂಥದೇ ಮಾತು ಇರಬೇಕು. ‘ಡೇಟಾ ಟ್ರಾನ್ಸ್‌ಫರ್ ಓನ್ಲಿ’ ಎಂದಿದ್ದರೆ ಎಷ್ಟೇ ದುಬಾರಿ ಸಿ-ಇಂದ-ಎಚ್‌ಡಿಎಂಐ ಹಬ್ ತಂದರೂ ಚಿತ್ರ ಬರುವುದಿಲ್ಲ. ಅಂಥ ಲ್ಯಾಪ್‌ಟಾಪಿಗೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರ್ ಬೇಕು. ಅದು ಸಾಮಾನ್ಯ ಯುಎಸ್‌ಬಿಯಲ್ಲೇ ಚಿತ್ರ ಕಳಿಸುತ್ತದೆ. ಅದಕ್ಕೆ ಡ್ರೈವರ್ ಹಾಕಿಕೊಳ್ಳಬೇಕು. ಎಕ್ಸೆಲ್, ಬ್ರೌಸರ್, ನುಡಿಯಲ್ಲಿ ಟೈಪಿಂಗ್ ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು. ಗೇಮ್ ಆಡಲು ಹೇಳಿದ್ದಲ್ಲ.

ಪೋರ್ಟ್ ಸರಿಯಿದ್ದೂ ಕೇಬಲ್ ತಪ್ಪಾಗಿರಬಹುದು. ಮೊಬೈಲ್ ಜೊತೆ ಬರುವ ಸಿ-ಇಂದ-ಸಿ ಚಾರ್ಜಿಂಗ್ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0. ಚಿತ್ರ ಸಾಗಿಸುವ ವೇಗದ ತಂತಿಜೋಡಿಗಳೇ ಅವುಗಳೊಳಗೆ ಇರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಮಾನಿಟರಿನ ಡಬ್ಬಿಯಲ್ಲೇ ಬಂದ ಸಿ ಕೇಬಲ್ ಇದ್ದರೆ ಅದನ್ನೇ ಹಾಕಿ. ಅದು ಮೊಬೈಲ್ ಚಾರ್ಜರ್‌ಗೆ ವರ್ಗವಾಗಿದ್ದರೆ ಮೊದಲು ವಾಪಸ್ ತನ್ನಿ.

*ಕನ್ವರ್ಟರ್‌ನ ದಿಕ್ಕು.* ಡಿಸ್‌ಪ್ಲೇಪೋರ್ಟ್-ಎಚ್‌ಡಿಎಂಐ ಕೇಬಲ್ ಸಾಮಾನ್ಯವಾಗಿ ಏಕಮುಖ ರಸ್ತೆ. ಡಿಸ್‌ಪ್ಲೇಪೋರ್ಟ್ ತುದಿ ಲ್ಯಾಪ್‌ಟಾಪ್ ಕಡೆ, ಎಚ್‌ಡಿಎಂಐ ತುದಿ ಮಾನಿಟರ್ ಕಡೆ ಇರಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇದ್ದು ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇದ್ದರೆ ಇದೇ ಕೇಬಲನ್ನು ತಿರುಗಿಸಿ ಹಾಕಿ ಪ್ರಯೋಜನವಿಲ್ಲ. ‘ಎಚ್‌ಡಿಎಂಐ ಟು ಡಿಸ್‌ಪ್ಲೇಪೋರ್ಟ್’ ಎಂದು ಸ್ಪಷ್ಟವಾಗಿ ಬರೆದಿರುವ ಆ್ಯಕ್ಟಿವ್ ಕನ್ವರ್ಟರ್ ಬೇಕು, ಅದಕ್ಕೆ ಕರೆಂಟ್ ಕೊಡಲು ಸಾಮಾನ್ಯವಾಗಿ ಒಂದು ಯುಎಸ್‌ಬಿ ಬಾಲವೂ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ‘ಡಿಪಿ-ಎಚ್‌ಡಿಎಂಐ ಕೇಬಲ್ ಕೊಡಿ’ ಎಂದಷ್ಟೇ ಕೇಳಬೇಡಿ. ‘ಲ್ಯಾಪ್‌ಟಾಪ್ ಕಡೆ ಇದು, ಮಾನಿಟರ್ ಕಡೆ ಇದು’ ಎಂದು ಬಿಡಿಸಿ ಹೇಳಿ.

*ಡ್ರೈವರ್.* ಸ್ಟಾರ್ಟ್ ಬಟನ್ ಮೇಲೆ ಬಲಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಜವಾದ ಡ್ರೈವರ್ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿಕೊಂಡ ಮೇಲೆ ಇದು ಆಗಾಗ ಕಾಣುತ್ತದೆ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಎಷ್ಟೋ ಸಲ ನೇರವಾಗಿ ಎನ್‌ವಿಡಿಯಾ ಚಿಪ್‌ಗೆ ಜೋಡಣೆಯಾಗಿರುತ್ತದೆ. ಬ್ಯಾಟರಿ ಉಳಿಯಲೆಂದು ಯಾರಾದರೂ ಅದನ್ನು ‘ಡಿಸೇಬಲ್’ ಮಾಡಿದ್ದರೆ ಲ್ಯಾಪ್‌ಟಾಪ್ ತೆರೆ ಚೆನ್ನಾಗಿ ನಡೆಯುತ್ತಿರುತ್ತದೆ, ಎಚ್‌ಡಿಎಂಐ ಮಾತ್ರ ಸತ್ತಂತಿರುತ್ತದೆ. ಐಕಾನ್ ಮೇಲೆ ಕೆಳಮುಖ ಬಾಣವಿದ್ದರೆ ಬಲಕ್ಲಿಕ್ ಮಾಡಿ ‘ಎನೇಬಲ್’ ಮಾಡಿ. ಉಬುಂಟು ಬಳಸುವವರೂ ಇದನ್ನೇ ನೋಡಬೇಕು. ಎನ್‌ವಿಡಿಯಾ ಡ್ರೈವರ್ ಲೋಡ್ ಆಗದಿದ್ದರೆ ಅಥವಾ ಇಂಟೆಲ್ ಚಿಪ್ ಮಾತ್ರ ಬಳಸುವಂತೆ ಪ್ರೊಫೈಲ್ ಇಟ್ಟಿದ್ದರೆ ಪರಿಣಾಮ ಅದೇ. ನಿನ್ನೆವರೆಗೆ ನಡೆದು, ವಿಂಡೋಸ್ ಅಪ್‌ಡೇಟ್ ನಂತರ ನಿಂತಿದ್ದರೆ ಪ್ರಾಪರ್ಟೀಸ್ ಒಳಗೆ ಡ್ರೈವರ್ ಟ್ಯಾಬಿನಲ್ಲಿ ‘ರೋಲ್ ಬ್ಯಾಕ್’ ಒತ್ತಿ.

ಗೊತ್ತಾಗಿದೆ, ಆದರೆ ಚಿತ್ರವಿಲ್ಲ ಅಥವಾ ಸರಿಯಿಲ್ಲ

ಇಲ್ಲಿ ಲೆಕ್ಕ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಎಚ್‌ಡಿಎಂಐಯಲ್ಲಿ 1920×1080, 60 ಹರ್ಟ್ಸ್ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.46 ಗಿಗಾಬಿಟ್ ಬೇಕು. 3840×2160, ಅಂದರೆ 4ಕೆ, 30 ಹರ್ಟ್ಸ್‌ಗೆ 8.91. ಅದೇ 4ಕೆ 60 ಹರ್ಟ್ಸ್‌ಗೆ 17.82. ಎಚ್‌ಡಿಎಂಐ 1.4ರ ಮಿತಿ 10.2, 2.0ರ ಮಿತಿ 18, 2.1ರದ್ದು 48. ಲ್ಯಾಪ್‌ಟಾಪಿನ ಪೋರ್ಟ್ 1.4 ಆಗಿದ್ದರೆ 4ಕೆ ಮಾನಿಟರಿಗೆ 30 ಹರ್ಟ್ಸ್‌ಗಿಂತ ಹೆಚ್ಚು ಕೊಡಲಾರದು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ 1.4 ಇನ್ನೂ ಸಾಮಾನ್ಯ. ಮೌಸ್ ಎಳೆದಾಗ ಬಾಣ ತಡೆದು ತಡೆದು ಬರುತ್ತಿದ್ದರೆ ಕಾರಣ ಇದೇ. ಅಂಥ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಆಲ್ಟ್ ಮೋಡ್ ಇದ್ದರೆ ಆ ದಾರಿ ಹಿಡಿಯಿರಿ. ಅದೂ ಇಲ್ಲದಿದ್ದರೆ 2560×1440, 60 ಹರ್ಟ್ಸ್ ಇಟ್ಟು ನೋಡಿ. ಅದಕ್ಕೆ ಸುಮಾರು 7.25 ಗಿಗಾಬಿಟ್ ಸಾಕು. ದಿನವಿಡೀ ಕೆಲಸ ಮಾಡುವವರ ಕಣ್ಣಿಗೆ 30 ಹರ್ಟ್ಸ್‌ನ 4ಕೆಗಿಂತ ಇದು ಹಿತ.

‘ಔಟ್ ಆಫ್ ರೇಂಜ್’ ಬಂದರೆ ಹೀಗೆ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 2ನೇ ಚೌಕ ಆರಿಸಿ, ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಯಲ್ಲಿ ರಿಫ್ರೆಶ್ ರೇಟ್ 60ಕ್ಕೆ ಇಳಿಸಿ. ಸಾಲದಿದ್ದರೆ ಅಲ್ಲೇ ‘ಡಿಸ್‌ಪ್ಲೇ ಅಡಾಪ್ಟರ್ ಪ್ರಾಪರ್ಟೀಸ್’, ‘ಲಿಸ್ಟ್ ಆಲ್ ಮೋಡ್ಸ್’ ತೆರೆದು 1920×1080, 60 ಹರ್ಟ್ಸ್ ಆರಿಸಿ. ತಪ್ಪಾದರೂ ಭಯ ಬೇಡ. ನೀವು ಒಪ್ಪಿಗೆ ಕೊಡದಿದ್ದರೆ 15 ಸೆಕೆಂಡಿನಲ್ಲಿ ವಿಂಡೋಸ್ ಹಳೆಯದಕ್ಕೇ ಮರಳುತ್ತದೆ. 75, 100 ಅಥವಾ 144 ಹರ್ಟ್ಸ್ ಮಾನಿಟರ್ ಕೊಂಡವರು ಇದೇ ಜಾಗದಲ್ಲಿ ಮೇಲಕ್ಕೆ ಏರಿಸಿಕೊಳ್ಳಬೇಕು. ಎಷ್ಟೋ ಸಲ ವಿಂಡೋಸ್ ತಾನಾಗಿ 60ರಲ್ಲೇ ನಿಂತಿರುತ್ತದೆ.

ಕೇಬಲ್ ಡಬ್ಬಿಯ ಮೇಲೆ ‘2.0’, ‘2.1’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದನ್ನೇ ನಂಬಬೇಡಿ. ಕೇಬಲ್‌ಗಳಿಗೆ ಅಧಿಕೃತವಾಗಿರುವುದು ಹೆಸರು: 4ಕೆ 60 ಹರ್ಟ್ಸ್‌ಗೆ ‘ಪ್ರೀಮಿಯಂ ಹೈ ಸ್ಪೀಡ್’, 48 ಗಿಗಾಬಿಟ್‌ಗೆ ‘ಅಲ್ಟ್ರಾ ಹೈ ಸ್ಪೀಡ್’. ಈ ಎರಡಕ್ಕೂ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದಾದ ಲೇಬಲ್ ಇರುತ್ತದೆ. ಉದ್ದ ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಮೇಜಿನ ಮೇಲಿನ ಕೆಲಸಕ್ಕೆ 1.5 ಅಥವಾ 2 ಮೀಟರ್ ಸಾಕು.

ಯುಎಸ್‌ಬಿ-ಸಿ ಹಬ್ ಬಳಸುವವರಿಗೆ ಇನ್ನೊಂದು ಮಿತಿ ಇದೆ. ಹಬ್ಬಿನಲ್ಲಿ ವೇಗದ ಯುಎಸ್‌ಬಿ 3 ಪೋರ್ಟುಗಳೂ ಇದ್ದರೆ ನಾಲ್ಕು ವೇಗದ ಲೇನ್‌ಗಳಲ್ಲಿ (ತಂತಿಜೋಡಿಗಳಲ್ಲಿ) ಎರಡು ಡೇಟಾಗೆ ಹೋಗಿ, ಚಿತ್ರಕ್ಕೆ ಎರಡೇ ಉಳಿಯುತ್ತವೆ. ಡಿಸ್‌ಪ್ಲೇಪೋರ್ಟ್ 1.2 ಮಟ್ಟದ ಹಬ್ ಆದರೆ 4ಕೆ 30 ಹರ್ಟ್ಸ್‌ಗೇ ನಿಲ್ಲಲು ಕಾರಣ ಇದು. ಲ್ಯಾಪ್‌ಟಾಪ್, ಹಬ್ ಎರಡೂ ಡಿಸ್‌ಪ್ಲೇಪೋರ್ಟ್ 1.4 ಇದ್ದರೆ 60 ಸಿಗುತ್ತದೆ. ಹಬ್ ಕೊಳ್ಳುವಾಗ ‘4ಕೆ’ ಎಂಬ ಪದದ ಪಕ್ಕ 60 ಹರ್ಟ್ಸ್ ಎಂದಿದೆಯೇ ಎಂದು ಓದಿಯೇ ದುಡ್ಡು ಕೊಡಿ.

ಅಕ್ಷರ ಮಸುಕಾಗಿದ್ದರೆ ಮೊದಲು ‘ಡೂಪ್ಲಿಕೇಟ್’ನಲ್ಲಿದ್ದೀರಾ ನೋಡಿ. ಆಗ ಎರಡೂ ತೆರೆಗೆ ಹೊಂದುವ ಒಂದು ರೆಸಲ್ಯೂಷನ್ ಬಳಕೆಯಾಗುವುದರಿಂದ ದೊಡ್ಡ ಮಾನಿಟರಿನಲ್ಲಿ ಎಲ್ಲವೂ ಹಿಗ್ಗಿಸಿದಂತೆ ಕಾಣುತ್ತದೆ. ‘ಎಕ್ಸ್‌ಟೆಂಡ್’ ಮಾಡಿ ಮಾನಿಟರಿಗೆ ಅದರದ್ದೇ ‘ರೆಕಮೆಂಡೆಡ್’ ರೆಸಲ್ಯೂಷನ್ ಕೊಡಿ. ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಅಂಚು ಕತ್ತರಿಸಿ ಟಾಸ್ಕ್‌ಬಾರ್ ಅರ್ಧ ಮಾಯವಾಗುವುದುಂಟು. ಟಿವಿಯ ಪಿಕ್ಚರ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಆರಿಸಿ. ಆ ಎಚ್‌ಡಿಎಂಐ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಟ್ಟರೆ ಹಲವು ಟಿವಿಗಳಲ್ಲಿ ಅಕ್ಷರ ಗಮನಾರ್ಹವಾಗಿ ಸ್ಪಷ್ಟವಾಗುತ್ತದೆ. ಕಪ್ಪು ಬಣ್ಣ ಬೂದಿಯಂತೆ ಕಂಡರೆ ಇಂಟೆಲ್ ಅಥವಾ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಣ್ಣದ ರೇಂಜ್ ‘ಲಿಮಿಟೆಡ್’ನಿಂದ ‘ಫುಲ್’ಗೆ ಬದಲಿಸಿ.

ಮಾನಿಟರ್ ಹಾಕಿದೊಡನೆ ಲ್ಯಾಪ್‌ಟಾಪಿನ ಧ್ವನಿ ನಿಂತರೆ ಅದು ಕೆಟ್ಟಿದ್ದಲ್ಲ. ಸದ್ದು ಎಚ್‌ಡಿಎಂಐ ಕಡೆ ಹೋಗಿದೆ. ಸ್ಪೀಕರ್ ಐಕಾನ್ ಒತ್ತಿ ಔಟ್‌ಪುಟ್ ಬದಲಿಸಿ.

ಬರುತ್ತದೆ, ಹೋಗುತ್ತದೆ

ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುವ ಕಾಯಿಲೆ ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಳ್ಳುತ್ತದೆ. ಮೊದಲು ರಿಫ್ರೆಶ್ ರೇಟ್ ಒಂದು ಮೆಟ್ಟಿಲು ಇಳಿಸಿ. ಆಗ ನಿಂತರೆ ಕೇಬಲ್ ತನ್ನ ಮಿತಿಯ ಅಂಚಿನಲ್ಲಿದೆ, ಬದಲಿಸಿ. ಇಳಿಸಿದರೂ ನಿಲ್ಲದಿದ್ದರೆ ಯಾವಾಗ ಆಗುತ್ತದೆಂದು ಗಮನಿಸಿ. ಫ್ಯಾನ್ ಅಥವಾ ಟ್ಯೂಬ್‌ಲೈಟ್ ಸ್ವಿಚ್ ಹಾಕಿದಾಗ, ಮನೆಯ ನೀರಿನ ಮೋಟರ್ ಶುರುವಾದಾಗ, ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಎದ್ದಾಗ: ಈ ಮೂರೂ ನಿಜವಾದ ಕಾರಣಗಳು. ಕುರ್ಚಿಯಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತಿನ ಸಣ್ಣ ಸಿಡಿತವನ್ನು ಶೀಲ್ಡ್ ಸರಿಯಿಲ್ಲದ ಕೇಬಲ್ ಹಿಡಿದುಕೊಳ್ಳುತ್ತದೆ. ಚಿಕ್ಕದಾದ, ಪ್ರಮಾಣಿತ ಕೇಬಲ್ ಹಾಕಿ ಮತ್ತು ಅದನ್ನು ಪವರ್ ಕಾರ್ಡ್‌ಗಳ ಜೊತೆ ಸುತ್ತಿ ಕಟ್ಟಬೇಡಿ.

ಅರ್ಥಿಂಗ್ ಬಗ್ಗೆ ಒತ್ತಿ ಹೇಳಬೇಕು. ಲ್ಯಾಪ್‌ಟಾಪಿನ ಲೋಹದ ಮೈ ಅಥವಾ ಮಾನಿಟರಿನ ಪೋರ್ಟ್ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ನಿಮ್ಮ ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿರುವ ಸಾಧ್ಯತೆ ಹೆಚ್ಚು. ಅಡಾಪ್ಟರ್‌ನಿಂದ ಸೋರುವ ಅತಿ ಸಣ್ಣ ಕರೆಂಟ್ ನೆಲಕ್ಕೆ ಹೋಗಲಾಗದೆ ಎಚ್‌ಡಿಎಂಐ ಕೇಬಲ್ ಮೂಲಕ ಹಾದು ಹೋಗುತ್ತದೆ. ಚಿತ್ರ ಮಿಣುಕಬಹುದು, ಪ್ಲಗ್ ಸಿಕ್ಕಿಸುವ ಕ್ಷಣದಲ್ಲಿ ಕಿಡಿ ಬಂದು ಪೋರ್ಟಿನ ಚಿಪ್ಪೇ ಹೋಗಬಹುದು. ಮೂರನೇ ಪಿನ್ ಮುರಿಯುವುದು, ಎರಡು ಪಿನ್ನಿನ ಕನ್ವರ್ಟರ್ ಹಾಕುವುದು ಬೇಡ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷಿಸಿ. ಅಲ್ಲಿಯವರೆಗೆ ಎರಡೂ ಸಾಧನಗಳ ಪ್ಲಗ್ ತೆಗೆದಿಟ್ಟು ಮೊದಲು ಎಚ್‌ಡಿಎಂಐ ಜೋಡಿಸಿ, ಆಮೇಲೆ ಒಂದೇ ಬೋರ್ಡಿನಿಂದ ಎರಡಕ್ಕೂ ಕರೆಂಟ್ ಕೊಡಿ.

ಪ್ರೊಜೆಕ್ಟರ್ ಮತ್ತು ಹಳೆಯ ವಿಜಿಎ

ಶಾಲೆ, ಸಭಾಂಗಣಗಳಲ್ಲಿ ಚಾವಣಿಯಿಂದ ಇಳಿಬಿದ್ದಿರುವ ನೀಲಿ ಪ್ಲಗ್ಗಿನ ವಿಜಿಎ ಕೇಬಲ್ ಇನ್ನೂ ಇದೆ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ಹಾಗಾಗಿ ಬರೀ ತಂತಿ ಜೋಡಿಸಿದ ಅಗ್ಗದ ಕೇಬಲ್ ನಡೆಯುವುದಿಲ್ಲ, ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲವಾದ್ದರಿಂದ 3.5 ಮಿ.ಮೀ. ಆಡಿಯೊ ತೂತು ಇರುವ ಕನ್ವರ್ಟರ್ ಕೊಳ್ಳಿ, ಅದರಿಂದ ಆಂಪ್ಲಿಫೈಯರ್‌ಗೆ ಧ್ವನಿ ಕೊಡಬಹುದು. ಚಿತ್ರ 1024×768ಕ್ಕಿಂತ ಮೇಲೇರದಿದ್ದರೆ ಡಿವೈಸ್ ಮ್ಯಾನೇಜರಿನ ‘ಮಾನಿಟರ್ಸ್’ನಲ್ಲಿ ‘ಜೆನರಿಕ್ ನಾನ್-ಪಿಎನ್‌ಪಿ ಮಾನಿಟರ್’ ಎಂದಿದೆಯೇ ನೋಡಿ. ಇದ್ದರೆ ಕೇಬಲಿನ 12 ಅಥವಾ 15ನೇ ಪಿನ್ ಸಂಪರ್ಕ ತಪ್ಪಿ ಇಡಿಐಡಿ ಬರುತ್ತಿಲ್ಲ. ಅಂದಹಾಗೆ, ವಿಜಿಎ ಪ್ಲಗ್‌ನಲ್ಲಿ 9ನೇ ಪಿನ್ ಇಲ್ಲದಿರುವುದು ಸಾಮಾನ್ಯ, ಅದು ಮುರಿದದ್ದಲ್ಲ.

ಹತ್ತು ಮೀಟರ್ ದಾಟಿದ ಎಚ್‌ಡಿಎಂಐಗೆ ಆಪ್ಟಿಕಲ್ ಕೇಬಲ್ ಬಳಸುತ್ತಾರೆ. ಅದರ ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂದು ಬರೆದಿರುತ್ತದೆ. ಗೋಡೆಯೊಳಗೆ ಪೈಪಿನಲ್ಲಿ ಎಳೆಯುವ ಮೊದಲೇ ಅದನ್ನು ಓದಿ, ನೆಲದ ಮೇಲೆ ಹಾಸಿ ಪರೀಕ್ಷಿಸಿ.

ಮ್ಯಾಕ್‌ಬುಕ್ ಇದ್ದವರಿಗೆ

ಎಂ1 ಮತ್ತು ಎಂ2 ಮ್ಯಾಕ್‌ಬುಕ್ ಏರ್ ಒಂದೇ ಹೊರಗಿನ ಮಾನಿಟರ್ ನಡೆಸುತ್ತವೆ. ಎರಡನೆಯದು ಬರುತ್ತಿಲ್ಲ ಎಂದರೆ ಅದು ದೋಷವಲ್ಲ, ಚಿಪ್ಪಿನ ಮಿತಿ. ಎಂ3 ಏರ್ ಮುಚ್ಚಳ ಮುಚ್ಚಿದಾಗ ಎರಡನ್ನು ನಡೆಸುತ್ತದೆ. ಎಂ4ರಲ್ಲಿ ಮುಚ್ಚಳ ತೆರೆದಿದ್ದರೂ ಎರಡು. ಒಂದೇ ಸಿ ಹಬ್ಬಿನ ಎರಡು ಎಚ್‌ಡಿಎಂಐ ಪೋರ್ಟುಗಳಲ್ಲಿ ಒಂದೇ ಚಿತ್ರ ಬರುತ್ತಿದ್ದರೆ, ಆ ಹಬ್ ಬಳಸುವ ಎಂಎಸ್‌ಟಿ (ಒಂದೇ ಸಂಪರ್ಕದಲ್ಲಿ ಹಲವು ತೆರೆಗಳಿಗೆ ಚಿತ್ರ ಕಳಿಸುವ) ವಿಧಾನದಲ್ಲಿ ಮ್ಯಾಕ್‌ಒಎಸ್ ತೆರೆಗಳನ್ನು ಬೇರೆ ಬೇರೆಯಾಗಿ ಹಿಗ್ಗಿಸುವುದಿಲ್ಲ ಎಂದು ಅರ್ಥ. ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಪುಟದಲ್ಲಿ ಆಪ್ಷನ್ ಕೀ ಒತ್ತಿ ಹಿಡಿದರೆ ‘ಡಿಟೆಕ್ಟ್ ಡಿಸ್‌ಪ್ಲೇಸ್’ ಬಟನ್ ಕಾಣುತ್ತದೆ.

ಪೋರ್ಟೇ ಹೋಗಿದ್ದರೆ

ಬೇರೆ ಕೇಬಲ್, ಬೇರೆ ಮಾನಿಟರ್, ಸರಿಯಾದ ಡ್ರೈವರ್ ಎಲ್ಲ ಆದಮೇಲೂ ಚಿತ್ರವಿಲ್ಲದಿದ್ದರೆ ಪ್ಲಗ್ ಹಾಕಿಟ್ಟು ಮೇಲೆ, ಕೆಳಗೆ ತೀರ ಮೆಲ್ಲಗೆ ಒತ್ತಿ. ಒಂದು ಭಂಗಿಯಲ್ಲಿ ಚಿತ್ರ ಬಂದರೆ ಬೋರ್ಡಿನ ಮೇಲೆ ಪೋರ್ಟಿನ ಬೆಸುಗೆ ಬಿಟ್ಟಿದೆ. ಇದನ್ನು ಮತ್ತೆ ಬೆಸೆಯಬಹುದು, ಅಥವಾ ಪೋರ್ಟನ್ನಷ್ಟೇ ಬದಲಿಸಬಹುದು. ಅಂಗಡಿಯವರು ಮದರ್‌ಬೋರ್ಡ್ ಬದಲಿಸಬೇಕು ಎಂದರೆ ಚಿಪ್ ಮಟ್ಟದ ಕೆಲಸ ಮಾಡುವ ಇನ್ನೊಬ್ಬರಿಗೆ ತೋರಿಸಿದ ಮೇಲೆ ತೀರ್ಮಾನಿಸಿ. ವಾರಂಟಿ ಉಳಿದಿದ್ದರೆ ಮಾತ್ರ ಹೊರಗಡೆ ಬಿಚ್ಚಿಸಬೇಡಿ. ಕೊಡುವಾಗ ನೀವು ಮಾಡಿದ ಪರೀಕ್ಷೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ: ಯಾವ ಕೇಬಲ್ ಬೇರೆಡೆ ನಡೆಯಿತು, ಲೋಗೊ ಬಂತೇ, ಸೆಟ್ಟಿಂಗ್ಸ್‌ನಲ್ಲಿ 2ನೇ ಚೌಕ ಕಂಡಿತೇ.

ರಿಪೇರಿಯಾಗಿ ಬಂದ ಮೇಲೆ ದಪ್ಪ ಕೇಬಲಿನ ಭಾರ ಪೋರ್ಟಿನ ಮೇಲೆ ನೇತಾಡದಂತೆ ಮೇಜಿನ ಅಂಚಿಗೆ ಒಂದು ಕ್ಲಿಪ್ ಹಾಕಿ ಹಿಡಿಸಿ. ಡಿಸ್‌ಪ್ಲೇಪೋರ್ಟ್ ಪ್ಲಗ್‌ನಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಕೊಕ್ಕೆಗಳಿರುತ್ತವೆ. ಅದರ ಮೇಲಿನ ಗುಂಡಿ ಒತ್ತಿಕೊಂಡೇ ಎಳೆಯಬೇಕು. ಒತ್ತದೆ ಎಳೆದರೆ ಪೋರ್ಟೇ ಕಿತ್ತು ಬರಬಹುದು.